ಬಿದ್ದವರ ಬರಹ, ಬೀಳದವರ ಬರಹ

ಹೊರನಾಡಿನಲ್ಲಿ ನೆಲೆಸಿದ ನಮ್ಮವರ ಸಭೆ-ಸಮಾರಂಭಗಳಲ್ಲಿ ಕೆಲವು ಮಾತುಗಳು ಹೂಮಾಲೆಯಷ್ಟೇ ತಪ್ಪದೆ ಬರುತ್ತವೆ. ಅವುಗಳಲ್ಲಿ ಒಂದು ಇದು: “ರೈಟ್ ಸಹೋದರರು ಹುಟ್ಟುವ ಸಾವಿರಾರು ವರ್ಷ ಮೊದಲೇ ನಮ್ಮ ಋಷಿಗಳು ವಿಮಾನ ಕಟ್ಟಿ ಹಾರಿಸಿದ್ದರು. ಅದರ ವಿವರವೆಲ್ಲ ನಮ್ಮ ಮೈಸೂರಿನಲ್ಲೇ ಅಚ್ಚಾದ ಪುಸ್ತಕದಲ್ಲಿದೆ.” ಭಾಷಣಕಾರರು ಇಷ್ಟು ಹೇಳಿದೊಡನೆ ಚಪ್ಪಾಳೆ ಬೀಳುತ್ತದೆ. ತಟ್ಟಿದವರಲ್ಲಿ ಆ ಪುಸ್ತಕವನ್ನು ಕಣ್ಣಾರೆ ಕಂಡವರೆಷ್ಟು ಮಂದಿ, ಕಂಡವರಲ್ಲಿ ಕೊನೆಯ ಪುಟದವರೆಗೆ ಓದಿದವರೆಷ್ಟು ಮಂದಿ ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಅದೇ ಮಾತಿಗೆ ಮೂಗು ಮುರಿದು ಎದ್ದುಹೋಗುವ ತರುಣರೂ ಇದ್ದಾರೆ, ಅವರೂ ಓದಿದವರಲ್ಲ. ಓದದೆ ಹೊಗಳುವುದು, ಓದದೆ ತೆಗಳುವುದು, ಎರಡೂ ಪುಸ್ತಕಕ್ಕೆ ಮಾಡುವ ಅವಮಾನವೇ. ಆದ್ದರಿಂದ ಆ ಪುಸ್ತಕವನ್ನು ಓದಿ, ಅದರ ಪಕ್ಕದಲ್ಲಿ ರೈಟ್ ಸಹೋದರರು ತಾವೇ ಬರೆದ ಬರಹಗಳನ್ನಿಟ್ಟು, ಎರಡನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಪುಸ್ತಕದ ಹೆಸರು ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿ ರಚಿಸಿದ್ದು, ಬೋಧಾನಂದರ ವೃತ್ತಿಯೊಡನೆ ಕೂಡಿದ್ದು ಎಂದು ಅದರಲ್ಲೇ ಹೇಳಿದೆ. ಇದರ ಹಿಂದಿ ಅವತರಣಿಕೆ ೧೯೫೯ರಲ್ಲಿ ಹೊರಬಂತು. ಸಂಸ್ಕೃತ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮೈಸೂರಿನ ಜಿ. ಆರ್. ಜೋಸ್ಯರ್ ಅವರು ೧೯೭೩ರಲ್ಲಿ ಪ್ರಕಟಿಸಿದರು. ಒಟ್ಟು ೮ ಅಧ್ಯಾಯ, ಸುಮಾರು ೩,೦೦೦ ಶ್ಲೋಕ ಎಂದು ಲೆಕ್ಕ ಕೊಟ್ಟಿದ್ದಾರೆ. ಪುಸ್ತಕ ಬಂದ ಬಗೆಯನ್ನು ಪ್ರಕಾಶಕರು ಮುಚ್ಚಿಟ್ಟಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರ ಆಗಸ್ಟ್‌ನಿಂದ ೧೯೨೩ರ ಆಗಸ್ಟ್‌ವರೆಗೆ, ಐದು ವರ್ಷ, ತಮ್ಮ ಒಳಗಣ್ಣಿಗೆ ಕಂಡದ್ದನ್ನು ಬಾಯಲ್ಲಿ ಹೇಳುತ್ತ ಹೋದರು. ವೆಂಕಟಾಚಲ ಶರ್ಮರು ಅದನ್ನು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪ ಎಂಬವರು ಶಾಸ್ತ್ರಿಗಳು ಹೇಳಿದಂತೆ ೧೯೨೩ರಲ್ಲಿ ಚಿತ್ರಗಳನ್ನು ಬಿಡಿಸಿದರು. ಹಳೆಯ ತಾಳೆಗರಿಯ ಕಟ್ಟು ಯಾವ ಮಠದಲ್ಲೂ ಸಿಕ್ಕಿದ್ದಲ್ಲ. ಈ ಸಂಗತಿ ಪುಸ್ತಕದೊಳಗೇ ಇದೆ. ವೇದಿಕೆಯ ಮೇಲೆ ಮಾತ್ರ ಇಲ್ಲ.

ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಕಾಗದ ಕೈಗೆ ಬಂದೊಡನೆ ಮೂರು ಕಡೆ ಕಣ್ಣು ಹೋಗುತ್ತದೆ. ತಾರೀಖು ಯಾವುದು, ರುಜು ಯಾರದು, ಇದರ ಹಿಂದಿನ ಕಾಗದ ಎಲ್ಲಿ? ತಾರೀಖಿನ ಪ್ರಕಾರ ಈ ಬರಹ ೧೯೧೮-೨೩ರದು. ಹಿಂದಿನ ಕಾಗದ ಇಲ್ಲ. ಹೀಗಿರುವಾಗ ಇದನ್ನು ಸಾವಿರಾರು ವರ್ಷ ಹಳೆಯದು ಎಂದು ಸಾರುವುದು ನಿನ್ನೆ ಬರೆದ ಅರ್ಜಿಗೆ ಹತ್ತು ವರ್ಷ ಹಿಂದಿನ ಮೊಹರು ಹಾಕಿದಂತೆ. ಆದರೆ ತಾರೀಖು ಹೊಸದಾದ ಮಾತ್ರಕ್ಕೆ ಸರಕು ಹುಸಿಯೆಂದು ತೀರ್ಮಾನಿಸಲಾಗದು. ಆದ್ದರಿಂದ ಒಳಗೆ ಹೋಗಿ ನೋಡೋಣ.

ಒಳಗೆ ಏನೇನಿದೆ? ವೇಗದಲ್ಲಿ ಹಕ್ಕಿಗೆ ಸಮನಾದದ್ದೇ ವಿಮಾನ ಎಂಬ ನಿರ್ವಚನವಿದೆ. ಚಾಲಕ ಗುರುಮುಖದಿಂದ ಕಲಿಯಬೇಕಾದ ೩೨ ರಹಸ್ಯಗಳಿವೆ. ಅವನು ಉಡಬೇಕಾದ ಬಟ್ಟೆ, ಋತುವಿಗೆ ತಕ್ಕಂತೆ ಉಣ್ಣಬೇಕಾದ ಆಹಾರ, ನಾನಾ ಬಗೆಯ ಲೋಹಗಳು, ಅವುಗಳನ್ನು ಕರಗಿಸುವ ಕುಲುಮೆಗಳು, ಬಗೆಬಗೆಯ ದರ್ಪಣಗಳು, ಯಂತ್ರಗಳು, ಕೊನೆಗೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು. ಶಕುನಕ್ಕೆ ಹಕ್ಕಿಯ ಹಾಗೆ ರೆಕ್ಕೆ-ಬಾಲ. ತ್ರಿಪುರ ನೆಲ, ನೀರು, ಗಾಳಿ ಮೂರರಲ್ಲೂ ಸಂಚರಿಸುತ್ತದೆ. ಪಟ್ಟಿ ಮಾಡುವುದರಲ್ಲಿ ಶಾಸ್ತ್ರಿಗಳಿಗೆ ಸರಿಸಾಟಿ ಇಲ್ಲ. ಕೆಲವು ಕಡೆ ಓದುತ್ತ ಓದುತ್ತ ಹಳೆಯ ಕಾಲದ ಪಾಕಶಾಸ್ತ್ರದ ಪುಸ್ತಕ ಓದಿದ ಸುಖವಾಗುತ್ತದೆ. ಇಂಥದ್ದು ಇಷ್ಟು ಭಾಗ, ಅಂಥದ್ದು ಅಷ್ಟು ಭಾಗ, ಇಷ್ಟು ಹೊತ್ತು ಕುದಿಸಿ, ಅಚ್ಚಿಗೆ ಹೊಯ್ಯಿ! ಒಬ್ಬ ಮನುಷ್ಯನ ತಲೆಯಿಂದ ಇಷ್ಟೆಲ್ಲ ಹೆಸರುಗಳು ಹೊರಟವಲ್ಲ ಎಂದು ಬೆರಗಾಗುವುದೂ ನಿಜ. ಬೆರಗಾದದ್ದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದರೆ ಓದು ಮುಂದುವರಿದಂತೆ ಒಂದು ಕೊರತೆ ಮೆಲ್ಲಗೆ ಮೈದೋರುತ್ತದೆ. ಇಡೀ ಪುಸ್ತಕದಲ್ಲಿ ಯಾರೂ ಬೀಳುವುದಿಲ್ಲ. ಯಾವ ರೆಕ್ಕೆಯೂ ಮುರಿಯುವುದಿಲ್ಲ. ‘ಮೊದಲು ಹೀಗೆ ಮಾಡಿದೆವು, ಕೆಲಸ ಕೊಡಲಿಲ್ಲ, ಆಮೇಲೆ ಹೀಗೆ ತಿದ್ದಿದೆವು’ ಎಂಬ ಒಂದೇ ಒಂದು ಮಾತಿಲ್ಲ. ಅಳತೆಗಳಿವೆ, ಆ ಅಳತೆಯೇ ಏಕೆ, ಅದಕ್ಕಿಂತ ಗೇಣು ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂಬುದಿಲ್ಲ. ಅಡಿಗೆ ಕಲಿತ ಯಾವ ತಾಯಿಯೂ ಮಗಳಿಗೆ ಹೋಳಿಗೆ ಹೇಳಿಕೊಡುವಾಗ ‘ಹೂರಣ ನೀರಾದರೆ ಹರಿದುಹೋಗುತ್ತೆ, ನೋಡ್ಕೋ’ ಎನ್ನದೆ ಬಿಡುವುದಿಲ್ಲ. ಕೈಯಾರೆ ಮಾಡಿದವರ ಮಾತಿನಲ್ಲಿ ಕೆಟ್ಟುಹೋದದ್ದರ ನೆನಪು ಇದ್ದೇ ಇರುತ್ತದೆ. ಈ ಪುಸ್ತಕದಲ್ಲಿ ಆ ನೆನಪಿಲ್ಲ. ಅದರ ಭಾಷೆಯ ವಯಸ್ಸಿಗಿಂತ, ಅದರ ಲೋಹಗಳ ವಿಚಿತ್ರ ಹೆಸರುಗಳಿಗಿಂತ, ನಮ್ಮ ಮಟ್ಟಿಗೆ ಅತಿ ದೊಡ್ಡ ಸಾಕ್ಷ್ಯ ಇದೇ. ಕನಸಿನಲ್ಲಿ ಹಾರುವವರಿಗೆ ಬೀಳುವ ಭಯವಿಲ್ಲ.

ವಿಜ್ಞಾನದ ಪರೀಕ್ಷೆಯನ್ನು ಮಾಡಬೇಕಾದವರು ಮಾಡಿಯೂ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಇವರು ೧೯೭೪ರಲ್ಲಿ ಈ ಗ್ರಂಥವನ್ನು ಸಾಲುಸಾಲಾಗಿ ವಿಮರ್ಶಿಸಿ ಪ್ರಬಂಧ ಬರೆದರು. ಗ್ರಂಥ ೧೯೦೪ಕ್ಕಿಂತ ಹಿಂದಿನದಾಗಲಾರದು. ಅದರ ಸಂಸ್ಕೃತ ವೇದಕಾಲದ್ದಲ್ಲ. ವಿವರಿಸಿದ ವಿಮಾನಗಳಿಗೆ ಹಾರುವ ಗುಣವಿಲ್ಲ. ಅವುಗಳನ್ನು ಮುಂದೂಡಲು ಹೇಳಿದ ಏರ್ಪಾಡು ಹಾರಾಟಕ್ಕೆ ಅನುಕೂಲವಾಗುವ ಬದಲು ಅಡ್ಡಿಯಾಗುತ್ತದೆ. ಶ್ಲೋಕಕ್ಕೂ ಚಿತ್ರಕ್ಕೂ ಹೊಂದಿಕೆಯಿಲ್ಲ. ಇವು ಅವರ ತೀರ್ಮಾನಗಳು. ಚಿತ್ರಗಳಲ್ಲಿ ಕಾಣುವ ಆಧುನಿಕ ಯಂತ್ರಗಳ ಪರಿಚಯ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರದು ಎಂಬುದನ್ನೂ ಅವರು ಗುರುತಿಸಿದರು. ಪರೀಕ್ಷೆ ಮಾಡಿದವರು ಸಮುದ್ರದಾಚೆಯವರಲ್ಲ, ನಮ್ಮ ನಾಡಿನ ಸಂಸ್ಥೆಯವರೇ. ಅವರ ಪ್ರಬಂಧ ಬಂದು ನಾಲ್ಕು ದಶಕವಾದರೂ, ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಪುಸ್ತಕವನ್ನು ಆಧಾರವಾಗಿಟ್ಟುಕೊಂಡ ಭಾಷಣ ನಡೆಯಿತು. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎಂದರಂತೆ!

ಈಗ ಇನ್ನೊಂದು ಬಗೆಯ ಬರಹಕ್ಕೆ ಬರೋಣ. ಅಮೆರಿಕದ ಡೇಟನ್ ಊರಿನ ಸೈಕಲ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರು, ವಿಲ್ಬರ್ ಮತ್ತು ಆರ್ವಿಲ್ ರೈಟ್. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇವರು ಹಾರಿದ್ದನ್ನು ಎಲ್ಲರೂ ಬಲ್ಲರು. ಬರೆದದ್ದನ್ನು ಬಲ್ಲವರು ಕಡಿಮೆ. ೧೯೦೧ರ ಸೆಪ್ಟೆಂಬರ್ ೧೮ರಂದು ಷಿಕಾಗೊ ನಗರದ ಎಂಜಿನಿಯರುಗಳ ಸಂಘದಲ್ಲಿ ವಿಲ್ಬರ್ ಒಂದು ಉಪನ್ಯಾಸ ಓದಿದರು. ೧೯೦೮ರ ಸೆಪ್ಟೆಂಬರ್‌ನಲ್ಲಿ ‘ಸೆಂಚುರಿ’ ಮಾಸಪತ್ರಿಕೆಯಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲೂ ಒಂದು ಲೇಖನ ಬಂತು. ವಿಮಾನದ ಚರಿತ್ರೆಯಲ್ಲಿ ಇವೆರಡಕ್ಕಿಂತ ಹಿರಿದಾದ ಗ್ರಂಥಗಳು ಬೇಕಾದಷ್ಟಿವೆ. ಆದರೆ ‘ಮಾಡಿದವರ ಮಾತು’ ಹೇಗಿರುತ್ತದೆ ಎಂದು ತಿಳಿಯಲು ಇವೆರಡು ಸಾಕು.

ಲೇಖನ ಶುರುವಾಗುವುದು ಆಟಿಕೆಯಿಂದ. ೧೮೭೮ರಲ್ಲಿ ತಂದೆ ಮಕ್ಕಳಿಗೆ ಬಿರಟೆ, ಬಿದಿರು, ಕಾಗದದಿಂದ ಮಾಡಿ ರಬ್ಬರು ಸುತ್ತಿದ ಒಂದು ಹಾರುವ ಬೊಂಬೆ ತಂದುಕೊಟ್ಟರು. ಮಕ್ಕಳು ಅಂಥದ್ದನ್ನೇ ದೊಡ್ಡದು, ಇನ್ನೂ ದೊಡ್ಡದು ಎಂದು ಮಾಡುತ್ತ ಹೋದರು. ದೊಡ್ಡದಾದಷ್ಟೂ ಅದು ಹಾರಲೊಲ್ಲದು. ಅಳತೆ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು ಎಂಬ ಲೆಕ್ಕ ಆ ವಯಸ್ಸಿನಲ್ಲಿ ತಮಗೆ ತಿಳಿದಿರಲಿಲ್ಲ ಎಂದು ಅವರೇ ಬರೆಯುತ್ತಾರೆ. ಗಮನಿಸಬೇಕು, ಮೊದಲ ಪುಟದಲ್ಲೇ ಒಂದು ಸೋಲು, ಆ ಸೋಲಿಗೆ ಕಾರಣ, ಆ ಕಾರಣಕ್ಕೊಂದು ಲೆಕ್ಕ. ಅಂತಸ್ತಿನ ಮೇಲೆ ಅಂತಸ್ತು ಹೊತ್ತ ವಿಮಾನಗಳ ವರ್ಣನೆ ಓದಿ ಬಂದವರಿಗೆ ಈ ‘ಎಂಟು ಪಟ್ಟು’ ಎಂಬ ಮಾತು ಬಾಗಿಲ ಮೇಲ್ಪಟ್ಟಿಗೆ ತಲೆ ಬಡಿದಂತಾಗುತ್ತದೆ.

೧೯೦೧ರ ಉಪನ್ಯಾಸವಂತೂ ಸೋತವರು ಮಾಡಿದ ಉಪನ್ಯಾಸವೇ. ಜರ್ಮನಿಯ ಆಟೋ ಲಿಲಿಯೆಂತಾಲ್ ಎಂಬ ಎಂಜಿನಿಯರ್ ಗುಡ್ಡದ ಮೇಲಿಂದ ರೆಕ್ಕೆ ಕಟ್ಟಿ ಸುಮಾರು ೨,೦೦೦ ಬಾರಿ ತೇಲಿ, ೧೮೯೬ರ ಆಗಸ್ಟ್‌ನಲ್ಲಿ ಬಿದ್ದು ಸತ್ತಿದ್ದ. ಅವನು ಬಿಟ್ಟುಹೋದ ಕೋಷ್ಟಕಗಳನ್ನು ನಂಬಿ ಅಣ್ಣತಮ್ಮಂದಿರು ಕಟ್ಟಿದ ೧೯೦೧ರ ಗ್ಲೈಡರು, ಲೆಕ್ಕ ಹೇಳಿದಷ್ಟು ಭಾರ ಎತ್ತಲಿಲ್ಲ. ಮೂರರಲ್ಲಿ ಒಂದು ಪಾಲು ಎತ್ತಿತು. ವಿಲ್ಬರ್ ಇದನ್ನು ಮುಚ್ಚಿಡದೆ ಸಭೆಯ ಮುಂದಿಟ್ಟರು. ಲಿಲಿಯೆಂತಾಲನನ್ನು ಹಳಿಯಲಿಲ್ಲ. ಐದು ವರ್ಷ ದುಡಿದರೂ ಅವನು ಗಾಳಿಯಲ್ಲಿ ನಿಜವಾಗಿ ಕಳೆದ ಹೊತ್ತು ಒಟ್ಟು ಐದು ಗಂಟೆ ಮಾತ್ರ, ಅಷ್ಟರಲ್ಲಿ ಅಷ್ಟು ಸಾಧಿಸಿದ್ದೇ ಹೆಚ್ಚು ಎಂದು ಲೆಕ್ಕ ಹಾಕಿ ಹೇಳಿದರು. ಹಾರುವುದನ್ನು ಕಲಿಯುವುದನ್ನು ಪುಂಡು ಕುದುರೆ ಪಳಗಿಸುವುದಕ್ಕೆ ಹೋಲಿಸಿ, ಬೇಲಿಯ ಮೇಲೆ ಕೂತು ನೋಡಿದರೆ ಮೈಗೆ ಕ್ಷೇಮ, ಆದರೆ ಸವಾರಿ ಕಲಿಯುವವರು ಹೆಚ್ಚಾಗಿ ಹತ್ತಿ ಕೂತವರೇ ಎಂಬ ಅರ್ಥದ ಮಾತಾಡಿದರು. ಇಡೀ ಉಪನ್ಯಾಸದಲ್ಲಿ ಅಲಂಕಾರವೆಂದರೆ ಇಷ್ಟೇ. ಉಳಿದದ್ದು ಕೋನ, ವೇಗ, ತೂಕ.

ಊರಿಗೆ ಮರಳಿದವರೇ ಕೋಷ್ಟಕಗಳನ್ನು ಸ್ವತಃ ಪರೀಕ್ಷಿಸಲು ಹೊರಟರು. ಆರಡಿ ಉದ್ದ, ೧೬ ಅಂಗುಲ ಚಚ್ಚೌಕದ ಒಂದು ಮರದ ಪೆಟ್ಟಿಗೆ, ಒಂದು ತುದಿಗೆ ಫ್ಯಾನು. ಒಳಗೆ ಗರಗಸದ ಹಳೆಯ ಅಲಗು, ಸೈಕಲ್ ಕಡ್ಡಿಗಳಿಂದ ಮಾಡಿದ ತಕ್ಕಡಿ. ಸುಮಾರು ೨೦೦ ಬಗೆಯ ಪುಟ್ಟ ರೆಕ್ಕೆಗಳನ್ನು ಅದರೊಳಗಿಟ್ಟು ಗಾಳಿ ಬಿಟ್ಟು ತೂಗಿದರು. ವಿಷಯವನ್ನು ಸರಳವಾಗಿ ಹೇಳುವುದಾದರೆ, ರೆಕ್ಕೆ ಎತ್ತುವ ಭಾರ ಅದರ ವಿಸ್ತಾರವನ್ನೂ ವೇಗದ ವರ್ಗವನ್ನೂ ಅವಲಂಬಿಸುತ್ತದೆ. ಇವೆರಡನ್ನೂ ಗುಣಿಸಿ, ಗಾಳಿಯ ಒತ್ತಡಕ್ಕೆ ಸಂಬಂಧಪಟ್ಟ ಒಂದು ಸಂಖ್ಯೆಯಿಂದಲೂ ರೆಕ್ಕೆಯ ಆಕಾರಕ್ಕೆ ತಕ್ಕ ಇನ್ನೊಂದು ಸಂಖ್ಯೆಯಿಂದಲೂ ಮತ್ತೆ ಗುಣಿಸಬೇಕು. ಒತ್ತಡದ ಆ ಸಂಖ್ಯೆ ೦.೦೦೫ ಎಂದು ೧೮ನೆಯ ಶತಮಾನದಿಂದಲೂ ಎಲ್ಲರೂ ನಂಬಿಕೊಂಡು ಬಂದಿದ್ದರು. ಅಣ್ಣತಮ್ಮಂದಿರ ಅಳತೆಯ ಪ್ರಕಾರ ಅದು ಸುಮಾರು ೦.೦೦೩೩. ಹಿರಿಯರ ಪುಸ್ತಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಉಳಿದುಕೊಂಡಿದ್ದ ಸಂಖ್ಯೆ ಒಂದು ಮರದ ಪೆಟ್ಟಿಗೆಯ ಮುಂದೆ ನಿಲ್ಲಲಾರದೆ ಹೋಯಿತು. ಮುಂದಿನ ವರ್ಷದ ಗ್ಲೈಡರು ಚೆನ್ನಾಗಿ ತೇಲಿತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ನಮ್ಮ ಗಾದೆ ಡೇಟನ್ನಿಗೂ ಸಲ್ಲುತ್ತದೆ.

೧೯೦೩ರ ಡಿಸೆಂಬರ್ ೧೭ರ ಕತೆ ಪಠ್ಯಪುಸ್ತಕದಲ್ಲಿದೆ. ಅದರ ಮೂರು ದಿನ ಮೊದಲು, ೧೪ರಂದು, ನಾಣ್ಯ ಚಿಮ್ಮಿ ಗೆದ್ದ ವಿಲ್ಬರ್ ಯಂತ್ರವೇರಿ ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಇಳಿದದ್ದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ, ಅವರ ದಾಖಲೆಯಲ್ಲಿದೆ. ೧೭ರಂದು ಆರ್ವಿಲ್ ಮೊದಲ ಬಾರಿ ೧೨ ಸೆಕೆಂಡು, ೧೨೦ ಅಡಿ. ನಾಲ್ಕನೆಯ ಬಾರಿ ವಿಲ್ಬರ್ ೫೯ ಸೆಕೆಂಡು, ೮೫೨ ಅಡಿ. ಸಾಕ್ಷಿಗಳು ಐವರು: ಕಡಲತೀರದ ಪ್ರಾಣರಕ್ಷಕ ಠಾಣೆಯ ಮೂವರು, ಒಬ್ಬ ಮರದ ವ್ಯಾಪಾರಿ, ಒಬ್ಬ ಹುಡುಗ. ಫೋಟೋ ತೆಗೆದದ್ದು ಠಾಣೆಯ ಜಾನ್ ಡೇನಿಯಲ್ಸ್. ಆಮೇಲೆ ಬೀಸಿದ ಗಾಳಿಗೆ ಯಂತ್ರ ಉರುಳಿ ಮುರಿಯಿತು. ಮತ್ತೆಂದೂ ಅದು ಹಾರಲಿಲ್ಲ. ಅದನ್ನೂ ಬರೆದಿಟ್ಟರು. ತಂದೆಗೆ ಕಳಿಸಿದ ತಂತಿಯಲ್ಲಿ ೫೯ ಸೆಕೆಂಡು ೫೭ ಆಗಿ, ಆರ್ವಿಲ್ಲರ ಹೆಸರಿನ ಕಾಗುಣಿತವೂ ಕೆಟ್ಟು ತಲುಪಿತು. ಕಚೇರಿಯ ಕಾಗದಗಳಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಮಗೆ ಆ ತಂತಿಯನ್ನು ಕಂಡರೆ ಏಕೋ ಅಕ್ಕರೆ. ನಡೆದ ಸಂಗತಿಯ ಕಾಗದದಲ್ಲಿ ಇಂಥ ಗುಮಾಸ್ತೆಯ ತಪ್ಪು ಒಂದೆರಡು ಇದ್ದೇ ಇರುತ್ತದೆ.

ಇಲ್ಲಿಗೆ ‘ಪಶ್ಚಿಮದವರು ಸತ್ಯವಂತರು, ನಾವು ಬುರುಡೆ ಬಿಡುವವರು’ ಎಂದು ಯಾರಾದರೂ ತೀರ್ಮಾನಕ್ಕೆ ಬಂದರೆ ಅದೂ ಓದದೆ ಆಡಿದ ಮಾತಾಗುತ್ತದೆ. ಅದೇ ೧೯೦೩ರಲ್ಲಿ ಅಮೆರಿಕದ ಪ್ರಸಿದ್ಧ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರು ಯುದ್ಧ ಇಲಾಖೆಯ ೫೦,೦೦೦ ಡಾಲರ್ ಅನುದಾನದಲ್ಲಿ ಕಟ್ಟಿಸಿದ ಯಂತ್ರ ಅಕ್ಟೋಬರ್ ೭ರಂದು ಒಮ್ಮೆ, ಡಿಸೆಂಬರ್ ೮ರಂದು ಮತ್ತೊಮ್ಮೆ ಪೊಟೋಮ್ಯಾಕ್ ನದಿಗೆ ಬಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ೧೯೧೪ರಲ್ಲಿ ಅದೇ ಸಂಸ್ಥೆ ಆ ಯಂತ್ರವನ್ನು ಗ್ಲೆನ್ ಕರ್ಟಿಸ್ ಎಂಬವರಿಂದ ಬೇಕಾದಂತೆ ಮಾರ್ಪಡಿಸಿ, ಒಂದಿಷ್ಟು ಜಿಗಿಸಿ, ಮತ್ತೆ ಹಳೆಯ ರೂಪಕ್ಕೆ ತಂದು, ‘ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ’ ಎಂಬ ಫಲಕದೊಡನೆ ಪ್ರದರ್ಶನಕ್ಕಿಟ್ಟಿತು. ಮನನೊಂದ ಆರ್ವಿಲ್ ೧೯೨೮ರಲ್ಲಿ ತಮ್ಮ ಯಂತ್ರವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿಬಿಟ್ಟರು. ಸಂಸ್ಥೆ ತನ್ನ ಮಾತನ್ನು ಹಿಂತೆಗೆದುಕೊಂಡದ್ದು ೧೯೪೨ರಲ್ಲಿ. ಯಂತ್ರ ಸ್ವದೇಶಕ್ಕೆ ಮರಳಿದ್ದು ೧೯೪೮ರಲ್ಲಿ, ಆರ್ವಿಲ್ ತೀರಿಕೊಂಡ ವರ್ಷ. ದೊಡ್ಡ ಸಂಸ್ಥೆ, ದೊಡ್ಡ ಹೆಸರು, ದೇಶದ ಮಾನ ಎಂಬುವು ಸೇರಿದ ಕಡೆ ಫಲಕ ಬದಲಾಯಿಸುವ ಚಾಳಿ ಎಲ್ಲ ದೇಶದಲ್ಲೂ ಉಂಟು. ಅಲ್ಲಿ ಫಲಕವನ್ನು ತಿದ್ದಿಸಿದ್ದು ಸಾಲುಸಾಲಾಗಿ ಪಟ್ಟಿ ಮಾಡಿ ತೋರಿಸಿದ ಮಾರ್ಪಾಡುಗಳ ದಾಖಲೆ.

ರಹಸ್ಯದ ವಿಷಯದಲ್ಲೂ ಹೀಗೆಯೇ. ಭೋಜರಾಜನ ಹೆಸರಿನಲ್ಲಿರುವ ೧೧ನೆಯ ಶತಮಾನದ ‘ಸಮರಾಂಗಣ ಸೂತ್ರಧಾರ’ದಲ್ಲಿ ಪಾದರಸದ ಬಲದಿಂದ ಹಾರುವ ಮರದ ಹಕ್ಕಿಯ ಮಾತು ಬರುತ್ತದೆ. ಅದನ್ನು ಕಟ್ಟುವ ವಿಧಾನವನ್ನು ಹೇಳದಿರುವುದು ಅಜ್ಞಾನದಿಂದಲ್ಲ, ಗುಟ್ಟು ಕಾಯುವುದಕ್ಕಾಗಿ ಎಂದು ಗ್ರಂಥಕಾರನೇ ಹೇಳುತ್ತಾನೆ. ಇದನ್ನು ಕೇಳಿ ನಗುವವರು ನೆನಪಿಡಬೇಕು: ರೈಟ್ ಸಹೋದರರೂ ಗುಟ್ಟು ಕಾಯ್ದರು. ೧೯೦೫ರ ಅಕ್ಟೋಬರ್ ೫ರಂದು ೩೯ ನಿಮಿಷ, ೨೪ ಮೈಲಿ ಹಾರಿದ ಮೇಲೂ ಒಪ್ಪಂದಕ್ಕೆ ರುಜು ಬೀಳದೆ ಯಂತ್ರ ತೋರಿಸಲೊಲ್ಲೆವು ಎಂದು ೧೯೦೮ರವರೆಗೆ ಕುಳಿತರು. ಫ್ರಾನ್ಸಿನ ಪತ್ರಿಕೆಗಳು ಅವರನ್ನು ಸುಳ್ಳರೆಂದು ಅಣಕಿಸಿದವು. ಅವರದೇ ಸರ್ಕಾರ ೧೯೦೫ರಲ್ಲಿ ಅವರ ಪತ್ರಕ್ಕೆ ಅಚ್ಚು ಹೊಯ್ದ ಮಾಮೂಲಿ ಉತ್ತರ ಬರೆದು ಕೈತೊಳೆದುಕೊಂಡಿತು. (ಆ ಉತ್ತರವನ್ನು ಕರಡು ಮಾಡಿದ ಗುಮಾಸ್ತೆ ಯಾರೋ, ನಮ್ಮ ಕುಲಬಾಂಧವ!) ಆದರೆ ೧೯೦೮ರ ಆಗಸ್ಟ್ ೮ರಂದು ಫ್ರಾನ್ಸಿನ ಲ ಮಾನ್ ಬಯಲಿನಲ್ಲಿ ವಿಲ್ಬರ್ ಎಲ್ಲರೆದುರು ಹಾರಿದರು, ಅಣಕಿಸಿದವರು ಟೋಪಿ ತೆಗೆದರು. ಗುಟ್ಟು ಕಾಯುವುದು ತಪ್ಪಲ್ಲ. ಒಂದಲ್ಲ ಒಂದು ದಿನ ಬಯಲಿಗೆ ತರಬೇಕು ಅಷ್ಟೆ.

ಮುಂಬಯಿಯ ವಾಚಕರು ಇಷ್ಟರಲ್ಲಿ ಚೌಪಾಟಿಯ ಹೆಸರೆತ್ತಿರುತ್ತಾರೆ. ಜೆ. ಜೆ. ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಶಿವಕರ್ ಬಾಪೂಜಿ ತಳಪದೆ ಅವರು ೧೮೯೫ರಲ್ಲಿ ಚೌಪಾಟಿಯ ಮರಳಿನಲ್ಲಿ ‘ಮರುತ್ಸಖಾ’ ಎಂಬ, ಜನರಿಲ್ಲದ ವಿಮಾನ ಹಾರಿಸಿದರು ಎಂಬ ಕತೆ ಅದು. ಇದನ್ನೇ ಹಿಡಿದು ೨೦೧೫ರಲ್ಲಿ ‘ಹವಾಯಿಜಾದಾ’ ಎಂಬ ಹಿಂದಿ ಚಿತ್ರವೂ ಬಂತು. ತಳಪದೆ ಸಂಸ್ಕೃತ ಬಲ್ಲವರು, ಯಂತ್ರದ ಹುಚ್ಚು ಹತ್ತಿದವರು, ೧೯೧೬ರಲ್ಲಿ ತೀರಿಕೊಂಡವರು. ‘ವೈಮಾನಿಕ ಶಾಸ್ತ್ರ’ದ ಮೊದಲ ಶ್ಲೋಕ ಕಾಗದಕ್ಕಿಳಿದದ್ದು ಅದಾದ ಎರಡು ವರ್ಷಕ್ಕೆ. ಸುಬ್ಬರಾಯ ಶಾಸ್ತ್ರಿಗಳು ಬಾಯಿಮಾತಿನಲ್ಲಿ ಮಾರ್ಗದರ್ಶನ ಮಾಡಿದರೆಂದು ಶಾಸ್ತ್ರಿಗಳ ಕಡೆಯ ವೃತ್ತಾಂತ; ಆದರೆ ಹಾಗೆ ಮಾಡಿದ ಮಾದರಿಗಳು ಹಾರಲಿಲ್ಲ ಎಂದೂ ಅದೇ ವೃತ್ತಾಂತದಲ್ಲಿದೆ. ವಿಜ್ಞಾನ ಸಂಸ್ಥೆಯವರು ತಮ್ಮ ಪ್ರಬಂಧದಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ. ‘ಹಾರಲಿಲ್ಲ’ ಎಂಬ ಈ ಒಂದು ಮಾತು ನಮಗೆ ೩,೦೦೦ ಶ್ಲೋಕಗಳಿಗಿಂತ ಬೆಲೆಯುಳ್ಳದ್ದು. ಆ ಮಾದರಿಯ ಅಳತೆ ಎಷ್ಟು, ಎಲ್ಲಿ ಮುರಿಯಿತು, ಏನು ತಿದ್ದಲು ಹೊರಟರು ಎಂಬ ನಾಲ್ಕು ಸಾಲು ಯಾರಾದರೂ ಬರೆದಿಟ್ಟಿದ್ದರೆ ತಳಪದೆ ಅವರಿಗೆ ಲಿಲಿಯೆಂತಾಲನ ಪಂಕ್ತಿಯಲ್ಲಿ ಎಲೆ ಹಾಕಬಹುದಿತ್ತು. ಸಿನಿಮಾ ಅವರಿಗೆ ರೆಕ್ಕೆ ಕೊಟ್ಟಿತು. ಅವರ ಸೋಲನ್ನು ಕಿತ್ತುಕೊಂಡಿತು. ದುಡಿದ ಮನುಷ್ಯನೊಬ್ಬನಿಗೆ ಇದಕ್ಕಿಂತ ದೊಡ್ಡ ಅನ್ಯಾಯವುಂಟೆ?

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ಒಂದು ಹೆಮ್ಮೆಯ ಮಾತು, ಇದ್ದರೆ ಇರಲಿ ಬಿಡಿ ಎಂದು ನಮ್ಮ ಹಿರಿಯ ಮಿತ್ರರು ಅನ್ನುತ್ತಾರೆ. ಬಿಡಬಹುದಿತ್ತು, ಮಕ್ಕಳಿಲ್ಲದಿದ್ದರೆ. ನಮ್ಮ ವಸತಿಗೃಹಗಳ ಒಬ್ಬ ಹುಡುಗ ಸಂಘದ ಸಭೆಯಲ್ಲಿ ಕೇಳಿದ್ದನ್ನು ನಂಬಿ ತನ್ನ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿದ. ‘ಎಂಜಿನ್ನು ಯಾವುದು? ಎಷ್ಟು ಭಾರ ಎತ್ತುತ್ತಿತ್ತು?’ ಎಂದು ತೀರ್ಪುಗಾರರು ಕೇಳಿದರು. ಹುಡುಗ ನಿಂತ. ತರಗತಿ ನಕ್ಕಿತು. ಮನೆಗೆ ಬಂದವನು ‘ಅಪ್ಪಾ, ನಮ್ಮ ಸಂಘದಲ್ಲಿ ಹೇಳೋದೆಲ್ಲ ಹೀಗೇನಾ?’ ಎಂದು ಕೇಳಿದನಂತೆ. ಪರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡದ ನಂಟು ಉಳಿದಿರುವುದು ಇಂಥ ಕೆಲವು ಸಂಜೆಗಳ ಮೂಲಕ. ಆ ಸಂಜೆಗಳಲ್ಲಿ ಕೇಳಿದ್ದು ಹೊರಗೆ ನಿಲ್ಲುವುದಿಲ್ಲ ಎಂದು ಅವರಿಗೆ ಒಮ್ಮೆ ಅನ್ನಿಸಿತೆಂದರೆ, ವಿಮಾನದ ಕತೆಯೊಡನೆ ವಚನವೂ ಕುಮಾರವ್ಯಾಸನೂ ಅವರ ಪಾಲಿಗೆ ಬುರುಡೆಯ ಗಂಟಿಗೇ ಸೇರಿಹೋಗುತ್ತವೆ. ನಮ್ಮ ಆತಂಕ ಇದು.

ಹೆಮ್ಮೆ ಪಡುವುದಕ್ಕೆ ನಮ್ಮಲ್ಲಿ ಬರಗಾಲವೂ ಇಲ್ಲ. ಮೈಸೂರು ಸಂಸ್ಥಾನದವರೇ ಆದ ಎಸ್. ವಿ. ಸೆಟ್ಟಿ ಎಂಬ ಎಂಜಿನಿಯರ್ ೧೯೧೧-೧೨ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಎ. ವಿ. ರೋ ಅವರ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ವಿಮಾನ ರಚನೆಯಲ್ಲಿ ಕೈಯಾಡಿಸಿ, ತಾವೇ ಹಾರಿ, ಬೆಂಗಳೂರಿಗೆ ಮರಳಿ ಎಂಜಿನಿಯರಿಂಗ್ ಪಾಠ ಹೇಳಿದರು. ರೈಟ್ ಸಹೋದರರು ಹಾರಿ ಹತ್ತು ವರ್ಷವೂ ಆಗಿರಲಿಲ್ಲ! ಅವರು ತೀರಿಕೊಂಡದ್ದು ೧೯೧೮ರಲ್ಲಿ. ಅದೇ ವರ್ಷ ಸುಬ್ಬರಾಯ ಶಾಸ್ತ್ರಿಗಳು ಶ್ಲೋಕ ಹೇಳಲು ಕುಳಿತರು. ನಿಜವಾಗಿ ಹಾರಿ ಬಂದವರ ಹೆಸರನ್ನು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ‘ಹಿತ್ತಲ ಗಿಡ ಮದ್ದಲ್ಲ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು; ೧೯೪೨ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಬಂತು; ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ‘ಎಚ್‌ಟಿ-೨’ ತರಬೇತಿ ವಿಮಾನ ೧೯೫೧ರಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಇವುಗಳಲ್ಲಿ ಪ್ರತಿಯೊಂದಕ್ಕೂ ತ��ರೀಖುಂಟು, ರುಜುವುಂಟು, ಹಿಂದಿನ ಕಾಗದವೂ ಉಂಟು.

ಹಾಗಾದರೆ ‘ವೈಮಾನಿಕ ಶಾಸ್ತ್ರ’ವನ್ನು ಏನು ಮಾಡಬೇಕು? ಎಸೆಯಬೇಕೆ? ಖಂಡಿತ ಬೇಡ. ಅದನ್ನು ಬರೆಯಿಸಿದ ಕಾಲವನ್ನು ಸ್ವಲ್ಪ ನೆನೆಯಿರಿ. ೧೯೧೧ರ ಫೆಬ್ರವರಿ ೧೮ರಂದು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಆನ್ರಿ ಪೆಕೆ ಎಂಬ ಫ್ರೆಂಚ್ ಚಾಲಕ ಸುಮಾರು ೬,೫೦೦ ಕಾಗದಗಳನ್ನು ವಿಮಾನದಲ್ಲಿ ಸಾಗಿಸಿದ್ದ. ಆಮೇಲೆ ಬಂದ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿದ ಸುದ್ದಿ ಊರೂರಿಗೂ ಹಬ್ಬಿತ್ತು. ಪರರ ಆಳ್ವಿಕೆಯ ದೇಶ, ಪರರ ಯಂತ್ರ. ಆಗ ಆನೇಕಲ್ಲಿನ ಒಬ್ಬ ಬಡ ಪಂಡಿತರು ತಮಗೆ ಗೊತ್ತಿದ್ದ ಭಾಷೆಯಲ್ಲಿ, ತಮಗೆ ಒಲಿದಿದ್ದ ಛಂದಸ್ಸಿನ ನಡಿಗೆಯಲ್ಲಿ, ‘ಇದು ನಮ್ಮಲ್ಲೂ ಇತ್ತು’ ಎಂದು ಐದು ವರ್ಷ ಹೇಳುತ್ತ ಕುಳಿತರು. ಇದರ ಹಿಂದೆ ಮೋಸದ ಬುದ್ಧಿ ಇತ್ತೆಂದು ನಮಗೆ ತೋರುವುದಿಲ್ಲ. ದೇಗುಲದ ಗರ್ಭಗುಡಿಯ ಮೇಲಿನ ಶಿಖರಕ್ಕೂ ವಿಮಾನವೆಂದೇ ಹೆಸರು. ಎಲ್ಲಪ್ಪನವರು ಬಿಡಿಸಿದ ರುಕ್ಮ ವಿಮಾನದ ಚಿತ್ರವನ್ನು ಒಮ್ಮೆ ನೋಡಿ. ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುವ ಅದರ ಆಕಾರದಲ್ಲಿ ನಮ್ಮ ಗುಡಿಗಳ ಶಿಖರವೇ ನೆಲ ಬಿಟ್ಟು ಎದ್ದಂತೆ ಕಾಣುತ್ತದೆ. ಅದನ್ನು ಕಲ್ಪನೆಯ ಕೃತಿಯೆಂದು ಓದಿದರೆ ಮನಸ್ಸು ಕರಗುತ್ತದೆ. ಎಂಜಿನಿಯರಿಂಗ್ ಎಂದು ಓದಿದರೆ ಪಂಡಿತರಿಗೂ ಎಂಜಿನಿಯರರಿಗೂ ಇಬ್ಬರಿಗೂ ಅವಮಾನ. ರಾಮಾಯಣದ ಪುಷ್ಪಕಕ್ಕೆ ಇಂಧನ ಯಾವುದೆಂದು ವಾಲ್ಮೀಕಿಯನ್ನು ಯಾರೂ ಕೇಳಲಿಲ್ಲ. ಕೇಳದ್ದರಿಂದಲೇ ಅದು ಇಂದಿಗೂ ಹಾರುತ್ತಿದೆ.

ಕೊನೆಗೊಂದು ಬಿನ್ನಹ, ನಮ್ಮ ಸಂಘದ ಗ್ರಂಥಾಲಯ ಸಮಿತಿಗೆ. ‘ವೈಮಾನಿಕ ಶಾಸ್ತ್ರ’ದ ಪ್ರತಿ ಈಗ ‘ವಿಜ್ಞಾನ’ ಎಂದು ಚೀಟಿ ಅಂಟಿಸಿದ ಕಪಾಟಿನಲ್ಲಿದೆ. ದಯಮಾಡಿ ಅದನ್ನು ‘ಕಾವ್ಯ-ಪುರಾಣ’ದ ಕಪಾಟಿಗೆ ಬದಲಾಯಿಸಿ, ಅದರೊಳಗೆ ವಿಜ್ಞಾನ ಸಂಸ್ಥೆಯ ೧೯೭೪ರ ಪ್ರಬಂಧದ ಒಂದು ನಕಲನ್ನು ಇಟ್ಟಿರಬೇಕು. ತೆರವಾದ ಜಾಗದಲ್ಲಿ ರೈಟ್ ಸಹೋದರರ ಉಪನ್ಯಾಸದ ಕನ್ನಡ ಅನುವಾದ ಬರಲಿ. ಯಾರೂ ಮುಂದೆ ಬಾರದಿದ್ದರೆ ಆ ಕೆಲಸಕ್ಕೆ ನಾವೇ ಸಿದ್ಧ. ಮುಂದಿನ ವರ್ಷದ ಮಕ್ಕಳ ಭಾಷಣ ಸ್ಪರ್ಧೆಗೆ ವಿಷಯ ಹುಡುಕುತ್ತಿದ್ದರೆ ಅದೂ ಇದೆ: ಎಸ್. ವಿ. ಸೆಟ್ಟಿ. ಎಂಜಿನ್ನು ಯಾವುದೆಂದು ತೀರ್ಪುಗಾರರು ಕೇಳಿದರೆ, ಆ ಮಗುವಿಗೆ ಹುಡುಕಿ ತೆಗೆಯಲು ಒಂದು ಉತ್ತರವಾದರೂ ಇರುತ್ತದೆ.